ಕೇಳಿಸದ ಡಿ

ಮಂಗಳವಾರ ಸಂಜೆ, ಆರೂವರೆ, ಗ್ರಿಮ್ಸ್‌ಬಿ.
ಚರ್ಚಿನ ಹಿಂದಿನ ಹಾಲಿನಲ್ಲಿ ಹೀಟರು ಕೆಮ್ಮುತ್ತದೆ.
ಮೀನಿನ ಕಾರ್ಖಾನೆಯಿಂದ ನೆಟ್ಟಗೆ ಬಂದವರ ಕೈಯಲ್ಲಿ
ನಿಂಬೆ ಸೋಪಿಗೂ ಜಗ್ಗದ ವಾಸನೆ.
ಬೋರ್ಡಿನ ಮೇಲೆ ಬರೆಯುತ್ತೇನೆ: ಯೂಸ್ಡ್ ಟು.
ಹಿಂದೆ ಇತ್ತು, ಈಗಿಲ್ಲ. ಇಷ್ಟೇ ಇದರ ಅರ್ಥ,
ಹೆದರಬೇಡಿ.

ಬರೆಯುವಾಗ ಡಿ ಇರಲಿ, ಹೇಳುವಾಗ ನುಂಗಿಬಿಡಿ.
ಯೂಸ್ಟು. ಎಲ್ಲರೂ ಒಟ್ಟಿಗೆ: ಯೂಸ್ಟು.
ಹನ್ನೊಂದು ಬಾಯಿ, ಹನ್ನೊಂದು ತೆರನಾಗಿ ನುಂಗುತ್ತವೆ.
ಝ್ದ್ರಾವ್ಕೊ ಒಬ್ಬನಿಗೆ ನುಂಗಲು ಬಾರದು;
ಕಾಸು ಕೊಟ್ಟು ಕೊಂಡ ಅಕ್ಷರವೆಂಬಂತೆ
ಡಿಯನ್ನು ಹಲ್ಲಿಗೆ ಕುಟ್ಟಿ ಕುಟ್ಟಿ ಹೇಳುತ್ತಾನೆ.

ಇದಕ್ಕೆ ವರ್ತಮಾನದ ರೂಪವಿಲ್ಲ.
ಈಗಿನ ರೂಢಿಗೆ ಬರೀ ಕ್ರಿಯಾಪದ ಸಾಕು:
ನಾನು ಏಳುತ್ತೇನೆ, ನೀನು ಏಳುತ್ತೀ, ಅವಳು ಏಳುತ್ತಾಳೆ.
ಅವಳಿಗೊಂದು ಎಸ್ ಅಂಟಿಸಿ. ಮರೆಯಬೇಡಿ.
ಮರೆಯುತ್ತೀರಿ, ಗೊತ್ತು.

ವುಡ್ ಕೂಡ ಹಿಂದಿನದಕ್ಕೆ ಆಗುತ್ತದೆ, ಆದರೆ
ಮಾಡುತ್ತಿದ್ದುದಕ್ಕೆ ಮಾತ್ರ, ಇದ್ದುದಕ್ಕಲ್ಲ.
ಅಜ್ಜ ದಿನಾ ಹಾಡೋನು, ಅಜ್ಜಿ ಗದರೋಳು: ಸರಿ.
ನಮಗೊಂದು ಮನೆ ಇತ್ತು ಎನ್ನಲು ವುಡ್ ಬಾರದು.
"ಯಾಕೆ?" ಎಂದ ಗುಲ್ಮೀರ್.
ಮೂವತ್ತೆರಡು ವರ್ಷ ಕಲಿಸಿದ್ದೇನೆ, ಯಾಕೆಂದು ಯಾರೂ ಕೇಳಿರಲಿಲ್ಲ.
ಮನೆಯೆಂದರೆ ಮತ್ತೆ ಮತ್ತೆ ಮಾಡುವ ಕೆಲಸವಲ್ಲವಲ್ಲ, ಎಂದೆ.
"ನಮ್ಮದು ಮಣ್ಣಿನ ಮನೆ, ಮಿಸ್.
ಪ್ರತಿ ವಸಂತಕ್ಕೂ ಮಾಡಬೇಕು."

ಅವನ ಹೋಂವರ್ಕು ಎರಡೇ ಸಾಲು:
ನಾನು ನಾಲ್ಕಕ್ಕೆ ಏಳುತ್ತಿದ್ದೆ.
ನಾನು ನಾಲ್ಕಕ್ಕೆ ಏಳುತ್ತೇನೆ.
ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ:
ಬದಲಾಗದ್ದಕ್ಕೆ ಯೂಸ್ಡ್ ಟು ಬೇಡ.
ಅವನು ಪುಸ್ತಕ ಹಿಡಿದು ಮೇಜಿನ ಬಳಿ ಬಂದ.
ಕುಂದೂಜಿನ ನಾಲ್ಕೆಂದರೆ ತಂದೂರಿನ ಬೂದಿ,
ನಾದಿಟ್ಟ ಹಿಟ್ಟು, ಹಿಟ್ಟಿನ ಮೂಟೆಗೊರಗಿ ತಮ್ಮನ ಗೊರಕೆ.
ಇಲ್ಲಿನ ನಾಲ್ಕೆಂದರೆ ಬೀದಿಯ ತುದಿಗೆ ವ್ಯಾನು, ಒಂದೇ ಸಲ ಹಾರ್ನು.
"ಆ ನಾಲ್ಕು ಬೇರೆ, ಮಿಸ್."
ವ್ಯಾಕರಣದಲ್ಲಿ ಅದಕ್ಕೆ ಜಾಗವಿಲ್ಲ.
ಕೆಂಪು ಗೆರೆಯ ಮೇಲೆ ಬಿಳಿ ಬಳಿದೆ.

ಆಮೇಲೆ, ಈಗಿನ ರೂಢಿಗೊಂದು ಉದಾಹರಣೆ ಬೇಕಿತ್ತು.
ಕೈಗೆ ಬಂದದ್ದನ್ನು ಬೋರ್ಡಿನಲ್ಲಿ ಬರೆದೆ:
ಪ್ರತಿ ಶುಕ್ರವಾರ ನಾವು ಹ್ಯಾಡಕ್ ಮೀನು ತಿನ್ನುತ್ತೇವೆ.

ಲೆತೆಬ್ರಹಾನ್ ಕೈ ಎತ್ತಿದಳು.
ಕಳೆದ ವಾರ ನನ್ನ ಮನೆಗೆ ಬಂದು
ಹಳೆಯ ಸೋಫಾ ಹೊರಗೆಳೆಯಲು ಕೈ ಹಚ್ಚಿದವಳು,
ಗೂಟದಲ್ಲಿ ಒಂದೇ ಕೋಟು ನೋಡಿದವಳು.
"ನಾವು ಅಂದರೆ ಯಾರು, ಮಿಸ್?"

ಪ್ರಶ್ನೆಯ ಪದಕ್ರಮ ಸರಿಯಾಗಿತ್ತು.
ಹುಟ್ಟುಗುಣ ಸುಟ್ಟರೆ ಹೋಗುತ್ತದೋ ಇಲ್ಲವೋ,
ಬಹುವಚನ ಮಾತ್ರ ಹೋಗಲೊಲ್ಲದು.
ಕ್ಲಿಫರ್ಡ್ ನವೆಂಬರಿನಿಂದ ಸ್ಕೆಗ್ನೆಸ್‌ನಲ್ಲಿದ್ದಾನೆ,
ಬೇರೊಬ್ಬಳ ಜೊತೆ ಹ್ಯಾಡಕ್ ತಿನ್ನುತ್ತಾನೆ:
ಸಾಮಾನ್ಯ ವರ್ತಮಾನ, ಕೊನೆಗೊಂದು ಎಸ್.

ಅಳಿಸಿದೆ. ಹೊಸದಾಗಿ ಬರೆದು, ಓದಿ ಎಂದೆ.
ಟೀಚರೂ ಅವರ ಗಂಡನೂ ಶುಕ್ರವಾರ ಹ್ಯಾಡಕ್ ತಿನ್ನುತ್ತಿದ್ದರು.
ಹನ್ನೊಂದು ಬಾಯಿ ಒಟ್ಟಿಗೆ ಓದಿದವು.
ಹತ್ತು ಬಾಯಿ ಡಿಯನ್ನು ನುಂಗಿದವು, ನಾನೇ ಹೇಳಿಕೊಟ್ಟಂತೆ.
ಝ್ದ್ರಾವ್ಕೊ ಅದನ್ನು ಮೊಳೆಯ ಹಾಗೆ ಬಡಿದ.
ಅಲ್ಲಿ ಒಂದು ಅಕ್ಷರ ಇದೆಯೆಂದು
ಮೂವತ್ತೆರಡು ವರ್ಷದಲ್ಲಿ ಅಂದೇ ಕೇಳಿಸಿತು.

ಮುಂದಿನ ವಾರ ಗೆಟ್ಟಿಂಗ್ ಯೂಸ್ಡ್ ಟು, ಎಂದೆ, ಒಗ್ಗಿಕೊಳ್ಳುವುದು.
ಅದು ಯಾವ ಕಾಲಕ್ಕಾದರೂ ನಡೆಯುತ್ತದೆ,
ಎಷ್ಟು ಕಾಲ ಎಂದು ಮಾತ್ರ ಪುಸ್ತಕದಲ್ಲಿಲ್ಲ.
ಕುರ್ಚಿ ಪೇರಿಸಿದರು, ಕೋಟು ತೊಟ್ಟರು.
ನಾನು ದೀಪ ಆರಿಸುವಾಗ ಬಾಗಿಲಲ್ಲಿ ಲೆತೆಬ್ರಹಾನ್:
"ಶುಕ್ರವಾರ ನಾನು ಖಾಲಿ, ಮಿಸ್."

ಬಿಡುವು ಎನ್ನಬೇಕಿತ್ತು.
ತಿದ್ದಲಿಲ್ಲ.