ಲಕೋಟೆಯ ಬೆನ್ನು

ಒಂಬತ್ತು ಲಕೋಟೆ. ಒಂದನ್ನೂ ಒಡೆದಿಲ್ಲ.
ಬಂಗಡೆ ವಾಸನೆಯ ಕೊಟ್ಟೆಯಿಂದ ತೆಗೆದು
ನನ್ನ ಮೇಜಿನ ಮೇಲೆ ಇಸ್ಪೀಟಿನಂತೆ ಹರವಿದಳು
ಬೈತಕೋಲದ ಸುಗಂಧಾ ತಾಂಡೇಲ.

ಗಂಡ ಬಂದರದಲ್ಲಿ ಮಂಜುಗಡ್ಡೆ ಮಾರುತ್ತಿದ್ದ.
ಹೋದ ಚೌತಿಯ ಮರುದಿನ ತೀರಿಕೊಂಡ.
ತೆರಿಗೆ ಇಲಾಖೆಗೆ ಅದು ಗೊತ್ತಿಲ್ಲ; ಈಗಲೂ
'ಶ್ರೀ ದತ್ತಾರಾಮ ತಾಂಡೇಲ ಇವರಿಗೆ'
ಎಂದೇ ಕರೆಯುತ್ತದೆ, ಗೌರವದಿಂದ.

ಬೆನ್ನಿಗೆಲ್ಲ ಪೆನ್ಸಿಲ್ಲಿನ ಸಾಲು:
ಜಲಪದ್ಮ ಬೋಟು, ಹದಿನಾಲ್ಕು ಗಡ್ಡೆ, ಬಾಕಿ.
ಮುದಗಾದವ ಮಳೆ ಬಿಟ್ಟ ಮೇಲೆ ಕೊಡ್ತಾನಂತೆ.
ಇನಾಸನ ಹತ್ತಿರ ಕೇಳೂದಲ್ಲ, ಮಗಳ ಮದುವೆ.
ಅವನಿಗೆ ಖಾತೆಪುಸ್ತಕ ಇರಲಿಲ್ಲ.
ಸರ್ಕಾರವೇ ಕಾಗದ ಕಳಿಸುತ್ತಿತ್ತಲ್ಲ.
ಒಂಬತ್ತನೆಯದರ ಬೆನ್ನು ಮಾತ್ರ ಖಾಲಿ.

ಬಡ್ಡಿ, ದಂಡ, ಏಳು ದಿನದ ಗಡುವು,
ಎಲ್ಲ ಬಿಡಿಸಿ ಹೇಳಿದೆ. ವರ್ಷಕ್ಕೆ ವ್ಯಾಪಾರ ಎಷ್ಟು?
'ಕರಗಿದ್ದು ಹಿಡದೋ, ಬಿಟ್ಟೋ?'
ಇಪ್ಪತ್ತೆರಡು ವರ್ಷ ಫಾರಮ್ಮು ತುಂಬಿದ್ದೇನೆ,
ಕರಗಿದ್ದಕ್ಕೊಂದು ಅಂಕಣ ಎಲ್ಲೂ ಕಂಡಿಲ್ಲ.

ಎಂಟನೆಯದಕ್ಕೆ ಕತ್ತರಿ ಇಟ್ಟೆ.
'ಒಡೆಯಾ, ಆ ಬದಿ ಬೇಡ,
ಜಲಪದ್ಮದವ ಇನ್ನೂ ಕೊಡೂದದೆ.'

ತಿರುಗಿಸಿ, ಇನ್ನೊಂದು ಅಂಚಿನಲ್ಲಿ
ಕೂದಲೆಳೆಯಷ್ಟೇ ಕತ್ತರಿಸಿದೆ,
ಹದಿನಾಲ್ಕು ಗಡ್ಡೆಗೆ ತಾಗದಂತೆ.

ಒಳಗಿನ ಮೊದಲ ಸಾಲನ್ನು ಗಟ್ಟಿಯಾಗಿ ಓದಿದೆ:
'ಹಿಂದಿನ ಏಳು ನೋಟೀಸುಗಳಿಗೆ
ತಮ್ಮಿಂದ ಯಾವುದೇ ಉತ್ತರ ಬಂದಿರುವುದಿಲ್ಲ.'

ಅವಳು ಒಂದೊಂದನ್ನೇ ಮಗುಚಿ, ಬೆರಳಿಟ್ಟು ಎಣಿಸಿದಳು.
'ಬರದಿದ್ನಲ್ರಾ,' ಅಂದಳು,
'ಹಿಂದ್ಗಡೆ.'