ಒಳ ಅಗಲ

ಮೊದಲು ತೂಕ ಹೇಳು, ಮೈರಿಗ್. ಸುಳ್ಳು ಬೇಡ.
ಬರಿ ಮೈಯದಲ್ಲ; ಬೆನ್ನ ಚೀಲ, ನೀರು, ಬೂಟು,
ನಿನ್ನ ಬೇಕರಿಯ ಬೆಣ್ಣೆ, ಎಲ್ಲ ಸೇರಿಸಿ.
ನೂರಾ ನಾಲ್ಕು?
ಸರಿ. ತಲೆ ತಗ್ಗಿಸಬೇಡ. ಚಕ್ರಕ್ಕೆ ನಾಚಿಕೆ ತಿಳಿಯದು,
ಲೆಕ್ಕ ಮಾತ್ರ ತಿಳಿಯುತ್ತದೆ.

ಕೊಡು ಇಲ್ಲಿ ಹಳೆಯದನ್ನ.
ಅಯ್ಯೋ, ಇದು ಚಕ್ರವೋ ಹಪ್ಪಳವೋ?
ಮೂರು ಕಡ್ಡಿ ಮುರಿದಿವೆ, ಮೂರೂ ಗೇರಿನ ಕಡೆಯವೇ,
ಮೂರೂ ಕತ್ತಿನ ಹತ್ತಿರವೇ.
ರಿಮ್ಮಿನ ಅಂಚು ಇಲ್ಲಿ ಒಳಕ್ಕೆ ಮಡಚಿದೆ,
ನಾಯಿ ಕಚ್ಚಿದ ತಟ್ಟೆಯ ಹಾಗೆ.
ಯಾವ ಕಲ್ಲು? ಆ ಕೊನೇ ತಿರುವಿನದೇ ತಾನೇ?
ಆ ಕಲ್ಲಿನ ದಯೆಯಿಂದಲೇ ನಾನು
ಈ ಅಂಗಡಿಯ ಅರ್ಧ ಬಾಡಿಗೆ ಕಟ್ಟುವುದು.

ಫೋನಿನಲ್ಲಿರುವ ಆ ಕಾರ್ಬನ್ ಚಿತ್ರ ಮುಚ್ಚು.
ಚೆಂದವಿದೆ, ಇಲ್ಲವೆನ್ನಲಾರೆ.
ಹಗುರ, ಕಪ್ಪು, ಮಾತಿಲ್ಲ.
ಮಾತಿಲ್ಲದ್ದಕ್ಕೇ ನನಗೆ ಭಯ.
ಅಲ್ಯುಮಿನಿಯಂ ಪೆಟ್ಟು ತಿಂದರೆ
ಮುಖ ಊದಿಸಿಕೊಂಡಾದರೂ ಮನೆಗೆ ಬರುತ್ತದೆ,
ಇಕ್ಕಳದಲ್ಲಿ ಕಿವಿ ಹಿಂಡಿದರೆ ಇನ್ನೊಂದು ಬೇಸಿಗೆ ಓಡುತ್ತದೆ.
ಇದು ಹಾಗಲ್ಲ. ನಗುತ್ತಲೇ ಇದ್ದು
ಒಂದು ಮಧ್ಯಾಹ್ನ ಇಬ್ಭಾಗ.

ಅಗಲ ಕೇಳಿದೆಯಲ್ಲ, ಒಳ ಅಗಲ.
ಹಾಸಿಗೆ ಇದ್ದಷ್ಟು ಕಾಲು ಚಾಚು; ಟೈರಿಗೂ ಅದೇ ಮಾತು.
ನಿನ್ನ ಎರಡೂವರೆ ಇಂಚಿನದನ್ನು ಇಪ್ಪತ್ತೈದು ಮಿಲಿಮೀಟರಿನ ಮೇಲೆ ಕೂರಿಸಿದರೆ
ಸಣ್ಣ ಸ್ಟೂಲಿನ ಮೇಲೆ ದಪ್ಪ ಪಾದ್ರಿ;
ತಿರುವಿನಲ್ಲಿ ಹೊಟ್ಟೆ ಒಂದು ಕಡೆ, ಸೊಂಟ ಒಂದು ಕಡೆ.
ಮೂವತ್ತೈದಕ್ಕೆ ಹೋದೆಯೋ,
ಟೈರು ಚಪ್ಪಟೆ ಮಲಗಿ ಪಕ್ಕೆ ಬರಿದು ಮಾಡುತ್ತದೆ.
ಬ್ಲೈನೈ ಸ್ಲೇಟಿಗೆ ಪಕ್ಕೆ ತೋರಿಸಬಾರದು,
ಅಪ್ಪನ ಕೈ ನೋಡಿದ್ದೀಯಲ್ಲ.
ಮೂವತ್ತು.
ಮೂವತ್ತು ಸಾಕು.

ಕಡ್ಡಿ ಮೂವತ್ತೆರಡು, ತುದಿ ದಪ್ಪ, ನಡು ಸಪೂರ.
ನಿಪ್ಪಲ್ ಹಿತ್ತಾಳೆಯದೇ. ಬಣ್ಣದವು ಬೇಡ,
ಎರಡು ಚಳಿಗಾಲ ರಸ್ತೆಯ ಉಪ್ಪು ತಿಂದು ಪುಡಿಯಾಗುತ್ತವೆ.
ಹಬ್ಬಿನಲ್ಲಿ ಜಿಪುಣತನ ಮಾಡಬೇಡ:
ರಿಮ್ಮು ಸಾಯಲಿಕ್ಕೇ ಹುಟ್ಟಿದ್ದು,
ಒಳ್ಳೆ ಹಬ್ ನಾಲ್ಕು ರಿಮ್ಮುಗಳ ಸಂಸಾರ ನೋಡುತ್ತದೆ.
ಮುಂದಿನದು ಹಗುರ ಬೇಕಾದರೆ ಇರಲಿ, ಅದು ದಾರಿ ಹುಡುಕುವುದು.
ಹೊರುವುದು ಹಿಂದಿನದು.

ಅಪ್ಪ ಗಣಿಯಲ್ಲಿ ಒಂದೊಂದು ಹಲಗೆಯನ್ನೂ
ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದ.
ಠಣ್ ಅಂದರೆ ಯಾರದೋ ಸೂರಿಗೆ,
ಡಬ್ ಅಂದರೆ ರಾಶಿಗೆ.
ಊರ ಹಿಂದಿನ ಗುಡ್ಡವೆಲ್ಲ ಡಬ್ ಅಂದವುಗಳದೇ.
ಭಾನುವಾರ ನೀನು ಕೂಗಾಡುತ್ತ ಇಳಿಯುವುದು
ಅವುಗಳ ಮೇಲೆಯೇ.

ನಾನು ಕಡ್ಡಿ ಮೀಟುತ್ತೇನೆ.
ಎಡಗಿವಿ ಹೋಗಿ ಐದು ವರ್ಷ, ಬಲಗಿವಿ ಹೀಗೆ ತಂದಿಡಬೇಕು.
ಕೇಳು. ಗೇರಿನ ಕಡೆಯದು ಏರು ದನಿ,
ಆಚೆಯದು ತಗ್ಗು.
ಎರಡನ್ನೂ ಒಂದೇ ಶ್ರುತಿಗೆ ತಂದೆನೋ, ಚಕ್ರ ವಾಲುತ್ತದೆ.
ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಎಳೆದೇ
ಅದು ನಡುವಲ್ಲಿ ನೆಟ್ಟಗೆ ನಿಲ್ಲುವುದು.
ಇದನ್ನು ಗಂಡನಿಗೂ ವಿವರಿಸಿದ್ದೆ.
ಅವನು ಕಾರ್ಡಿಫಿಗೆ ಹೋದ.

ಗುರುವಾರ ಬಾ.
ಮೊದಲ ಇಳಿತದಲ್ಲಿ ಟಿಕ್ ಅಂದರೆ ಗಾಬರಿಯಾಗಬೇಡ,
ಕಡ್ಡಿಗಳು ಕೂರುವ ಜಾಗ ಹುಡುಕುತ್ತಿರುತ್ತವೆ.
ಐವತ್ತು ಮೈಲಿ ಆದಮೇಲೆ ತಾ, ಮತ್ತೆ ಬಿಗಿಯುತ್ತೇನೆ,
ಅದಕ್ಕೆ ದುಡ್ಡು ಬೇಡ, ಎರಡು ಬನ್ನು ಸಾಕು.

ಹಳೇ ರಿಮ್ಮು ಇಲ್ಲೇ ಬಿಟ್ಟು ಹೋಗು.
ಹಿತ್ತಲಲ್ಲಿ ಬಟಾಣಿ ಬಳ್ಳಿ ಹಬ್ಬಿಸಲು ಆಗುತ್ತದೆ.
ಅದಕ್ಕೇನು, ನೆಟ್ಟಗಿದ್ದರೂ ಸೈ,
ಸೊಟ್ಟಗಿದ್ದರೂ ಸೈ.