ಸಾವಿರದ ಮೂರು

ನಸುಕಿನ ನಾಲ್ಕೂವರೆಗೆ ಜತ್ತದ ಹಾಸ್ಟೆಲ್ಲಿನಲ್ಲಿ
ತೇಲಸಂಗ ಸರ್ ಬಾಗಿಲು ಬಡಿಯುವುದಿಲ್ಲ,
ಅಂಗಳದಲ್ಲಿ ಪಂಪು ಹೊಡೆಯುತ್ತಾರೆ.
ಹನ್ನೊಂದು ಸೈಕಲ್ಲು, ಇಪ್ಪತ್ತೆರಡು ಗಾಲಿ.
ಆ ಉಸಿರಿಗೆ ಎಚ್ಚರಾಗದವರಿಗೆ ಚಹಾ ಇಲ್ಲ.

ಹೋಳಿ ಮುಗಿದು ಐದು ದಿನ.
ಧೋಂಡವ್ವನ ಕಿವಿಯ ಹಿಂದೆ ಇನ್ನೂ ಗುಲಾಬಿ ಬಣ್ಣ.
ಅದರ ಬೆನ್ನು ಹಿಡಿದೇ ನನ್ನ ದಾರಿ:
ಮುಚ್ಚಂಡಿ, ಮಾಡಗ್ಯಾಳ, ಉಮದಿ,
ಗಡಿ ದಾಟಿ ಚಡಚಣ, ಹೊಳ್ಳಿ ಮತ್ತೆ ಜತ್ತ.
ದಿನಕ್ಕೆ ನೂರಾ ಹದಿನೆಂಟು.

ಊರುಗಳ ಹೆಸರು ಹೇಳಿದೆನೇ ಹೊರತು
ನೋಡಿದ್ದೇನೆ ಎನ್ನಲಾರೆ.
ಒಂದು ಗೇಣು ಮುಂದೆ ಅವಳ ಹಿಂದಿನ ಗಾಲಿ,
ಸವೆದ ಟೈರಿನ ನಡುವೆ ದಾರ ಬಿಟ್ಟ ಬಿಳಿ ಗೆರೆ,
ಬಲ ಮೀನಖಂಡದ ಮೇಲೆ ಚೈನು ಕಚ್ಚಿದ ಕರಿ ಗುರುತು.
ಹೆದ್ದಾರಿ ನನಗೆ ಇಷ್ಟೇ ಅಗಲ.
ಮಾಡಗ್ಯಾಳದ ಕುರಿಗಳಿಗೆ ಗಿಳಿಮೂಗಂತೆ,
ನನಗೆ ಗೊತ್ತಿರುವುದು ವಾಸನೆ.

ಉಮದಿ ಬಿಟ್ಟ ಮೇಲೆ ದಾರಿಕಲ್ಲು ಲಿಪಿ ಬದಲಿಸುತ್ತದೆ.
ಆ ಕಡೆಯ ಒಂಬತ್ತು ಬೇರೆ, ಈ ಕಡೆಯ ಒಂಬತ್ತು ಬೇರೆ,
ಎರಡಕ್ಕೂ ಬಾಲ ಒಂದೊಂದು ನಮೂನೆ.
ಪಾಟಿಯ ಮೇಲೆ ಎರಡನ್ನೂ ತಿದ್ದಿದವರು ನಾವು;
ಮೊಣಕಾಲಿಗೆ ಮಾತ್ರ ಎರಡೂ ಬರುವುದಿಲ್ಲ.
ಡಾಂಬರು ಯಾವ ಸರ್ಕಾರದ್ದು, ಯಾವಾಗ ಬಳಿದದ್ದು
ಸೀಟಿನ ಮೇಲಿನ ಎಲುಬು ಕರಾರುವಾಕ್ಕಾಗಿ ಹೇಳುತ್ತದೆ.

ಹೋಗುವಾಗ ಎಲ್ಲರೂ ಪೈಲ್ವಾನರೇ.
ಗಾಳಿ ಬೆನ್ನಿಗಿರುತ್ತದೆ,
ನಾವದನ್ನು ನಮ್ಮ ಕಾಲು ಎಂದುಕೊಳ್ಳುತ್ತೇವೆ.
ಹೊಳ್ಳಿದ ಮೇಲೆ ಗೊತ್ತು.
ಪಡುವಣ ಗುಡ್ಡದ ಗಾಳಿಗಿರಣಿಗಳು
ನಮಗೆ ಬೆನ್ನು ತೋರಿಸಿ ನಿಂತಿರುತ್ತವೆ,
ನಮ್ಮ ಹಾಗೆಯೇ ಗಾಳಿಗೆ ಮುಖ ಕೊಟ್ಟು.
ಅವಕ್ಕೇನು, ಎಲ್ಲಿಗೂ ಮುಟ್ಟಬೇಕಾಗಿಲ್ಲ.

"ಎರಡು ನಿಮಿಷ ಮುಂದ, ಆಮ್ಯಾಲ ಹಿಂದ!"
ಟೆಂಪೋ ಕಿಟಕಿಯಿಂದ ಸರ್.
ಎರಡು ನಿಮಿಷ ಒಬ್ಬಳು ಗೋಡೆಯಾಗುತ್ತಾಳೆ,
ಹತ್ತು ಮಂದಿ ಅವಳ ನೆರಳಲ್ಲಿ ಉಸಿರಾಡುತ್ತೇವೆ,
ಆಮೇಲೆ ಅವಳು ಪಕ್ಕಕ್ಕೆ ಸರಿದು
ಯಾರಿಗೂ ಬೇಡವಾದವಳಂತೆ ಹಿಂದೆ ಹಿಂದೆ ತೇಲುತ್ತಾಳೆ.

ರೇಶ್ಮಾ ಮುಜಾವರಳಿಗೆ ರೋಜಾ.
ಉಮದಿಯ ತನಕ ತುಳಿದು
ಉಳಿದ ದಾರಿ ಟೆಂಪೋದಲ್ಲಿ.
ನಮ್ಮ ನೀರಿನ ಬಾಟಲಿ ಕಿಟಕಿಯಿಂದ ಚಾಚುವುದು ಅವಳೇ.
ಕೊಟ್ಟ ಮೇಲೆ ಒದ್ದೆ ಕೈಯನ್ನು
ಪ್ಯಾಂಟಿಗೆ ಒರೆಸಿಕೊಳ್ಳುತ್ತಾಳೆ, ಮುಖಕ್ಕಲ್ಲ.

ರಾತ್ರಿ ಫೋನಿನಲ್ಲಿ ಆಯಿ.
"ಎಲ್ಲೀತನಕ ಹೋಗಿದ್ದಿ?"
"ಚಡಚಣ."
"ಸೀರಿ ತಗೊಂಡ್ಯಾ?"
"ಇಲ್ಲ."
"ಯಾರ್ನರ ಭೆಟ್ಟಿ ಆದ್ಯಾ?"
"ಇಲ್ಲ. ಹೋಗಿ ಹೊಳ್ಳಿ ಬಂದೆ."
ಆ ಕಡೆ ಬಹಳ ಹೊತ್ತು ಮಾತಿಲ್ಲ.
ಅಮಾವಾಸ್ಯೆಗೆ ಗುಡ್ಡಾಪುರಕ್ಕೆ ನಡೆದು ಹೋದವಳು ಅವಳು,
ಹೋದಲ್ಲಿಂದ ಒಂದು ಚಿಟಿಕೆ ಏನಾದರೂ ತಂದವಳು.
"ಹಂಗಾದ್ರ ನೀ ಹೋಗೇ ಇಲ್ಲ ಬಿಡು."

ಮರುದಿನ ಪಂಕ್ಚರ್, ಒಣದ್ರಾಕ್ಷಿಯ ಶೆಡ್ಡಿನೆದುರು.
ಜಾಳಿಯ ಮೇಲೆ ಗೊನೆ ಹರಡುತ್ತಿದ್ದ ಒಬ್ಬ ಬಾಯಿ
ಕೇಳದೆಯೇ ಒಂದು ಹಿಡಿ ಕೊಟ್ಟಳು,
ಅರ್ಧ ದ್ರಾಕ್ಷಿ, ಅರ್ಧ ಬೇದಾಣೆ.
ಆಯಿಗೆ ಎಂದು ಬೆನ್ನಿನ ಕಿಸೆಗೆ ಹಾಕಿದೆ.
ನಲವತ್ತು ಕಿಲೋಮೀಟರ್ ಬೆವರು.
ಜತ್ತದಲ್ಲಿ ತೆಗೆದರೆ ಪ್ಯಾಚಿನ ತುಂಡಿಗೆ ಅಂಟಿ ಮುದ್ದೆ.
ತಿಂದೆ. ಸಿಹಿ, ಉಪ್ಪು, ಸೊಲ್ಯೂಷನ್ನು.

ಒಂಬತ್ತನೆಯ ದಿನ ಮೀಟರು ಸಾವಿರ ಮುಟ್ಟಬೇಕು.
ಮೂರು ಸೊನ್ನೆ ಒಟ್ಟಿಗೆ ಹುಟ್ಟುವುದನ್ನು
ಕಣ್ಣಾರೆ ನೋಡಬೇಕೆಂದು ಬೆಳಗಿನಿಂದ ಲೆಕ್ಕ.
ಒಂಬೈನೂರ ತೊಂಬತ್ತೊಂಬತ್ತು ಬಂತು.
ಮುಂದಿನ ಟ್ರಾಲಿಯಿಂದ ಒಂದು ಕಬ್ಬು ಜಾರಿ
ರಸ್ತೆಗೆ ಅಡ್ಡ ಬಿತ್ತು.
ಧೋಂಡವ್ವ ಕೂಗಿದಳು, ಗಾಲಿ ಹಾರಿತು,
ನಾನೂ ಹಾರಿದೆ, ಹಿಂದೆ ಯಾರದೋ ಬ್ರೇಕು ಚೀರಿತು,
ಯಾರೂ ಬೀಳಲಿಲ್ಲ, ಎಲ್ಲರೂ ಬೈದರು, ಆಮೇಲೆ ನಕ್ಕರು.
ಎದೆ ತಣ್ಣಗಾಗಿ ಕೆಳಗೆ ನೋಡಿದರೆ
ಸಾವಿರದ ಮೂರು.

ಸೊನ್ನೆಗಳು ನನ್ನ ದಾರಿ ಕಾಯದೆ
ಬಂದು ಹೋಗಿದ್ದವು.
ಚಡಚಣದ ನೀರಿನ ಟಾಕಿಯ ಹತ್ತಿರ ಸರ್ ಕೈ ಎತ್ತಿದರು.
ಹೊಳ್ಳಿದೆವು.
ಗಾಳಿ ಅಲ್ಲೇ ಕೂತಿತ್ತು.
ಕಣ್ಣು ಕಿರಿದು ಮಾಡಿ
ಬಿಳಿ ಗೆರೆ ಹುಡುಕಿ ಹಿಡಿದೆ.